ಹುಟ್ಟು ಹಾಕುವ ಕೈಗೂ ಒಂದೇ ತಕ್ಕಡಿ ಇರಲಿ

ಹೊಳೆಗೆ ಗಡಿ ಗೊತ್ತಿಲ್ಲ. ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ಪಯಸ್ವಿನಿ ಸುಳ್ಯ ದಾಟಿ ಬಂದು ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತಾಳೆ. ತೆಂಕಣ ತೇಜಸ್ವಿನಿಯೂ ಕೊಡಗಿನ ಕಾಡಿನ ನೀರೇ. ನೀಲೇಶ್ವರದ ಹತ್ತಿರ ಆ ತೇಜಸ್ವಿನಿಯಲ್ಲಿ ಉತ್ತರ ಮಲಬಾರ್ ಜಲೋತ್ಸವ ನಡೆದಾಗ 25 ಮಂದಿಯ ದೋಣಿ, 15 ಮಂದಿಯ ದೋಣಿ, ಹೆಂಗಸರ ದೋಣಿ ಎಲ್ಲವೂ ನೀರಿಗಿಳಿಯುತ್ತವೆ. ಅಚ್ಚಾಂತುರುತ್ತಿ, ಮಯ್ಯಿಚ್ಚ, ಪೊಡೋತ್ತುರುತ್ತಿಯಂಥ ಸಣ್ಣ ಊರುಗಳ ಹುಡುಗರ ತೋಳಿನ ಬಲ ಅಲ್ಲಿ ನೋಡಬೇಕು. ಹಬ್ಬ ಮುಗಿದ ಮೇಲೆ ಆ ಬಲ ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಮಾತ್ರ ಕಡಿಮೆ.

ಹೋಗುವ ದಾರಿ ಒಂದಿದೆ. ಅದರ ಹೆಸರು ಡ್ರ್ಯಾಗನ್ ಬೋಟ್. 2,200 ವರ್ಷಗಳಿಗೂ ಹಿಂದೆ ಚೀನಾದ ಕವಿ ಚು ಯುವಾನ್ ಹೊಳೆಗೆ ಹಾರಿದಾಗ ಅವನನ್ನು ಉಳಿಸಲು ಜನ ದೋಣಿ ಓಡಿಸಿದರು, ಅದೇ ಆಟವಾಯಿತು ಎಂಬುದು ಐತಿಹ್ಯ. ಕನ್ನಡ, ತೆಲುಗು ಎರಡರಲ್ಲೂ ನಾಲ್ಕು ಸಾಲು ಗೀಚುವ ರೈತ ನಾನು; ಕವಿಗಾಗಿ ಊರೇ ಹುಟ್ಟು ಹಿಡಿಯಿತು ಅಂದರೆ ಹಿಗ್ಗದೆ ಇರುವುದು ಹೇಗೆ! 1976ರಲ್ಲಿ ಹಾಂಕಾಂಗಿನಲ್ಲಿ ಅಂತರರಾಷ್ಟ್ರೀಯ ಪಂದ್ಯ ಶುರುವಾಯಿತು. 1991ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೂ ಪದಕ ಬಂತು.

ದೊಡ್ಡ ದೋಣಿಯಲ್ಲಿ 20 ಮಂದಿ ಜೋಡಿಜೋಡಿಯಾಗಿ ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ. ಮುಂದೆ ನಗಾರಿಯವನು, ಹಿಂದೆ ಚುಕ್ಕಾಣಿಯವನು. ಒಂದೇ ಅಲಗಿನ ಹುಟ್ಟು, ಒಂದೇ ತಾಳ. ನಮ್ಮ ವಳ್ಳಂಕಳಿಯಲ್ಲೂ ಇದೇ ತಾನೆ? ದೋಣಿಯ ಅಳತೆ ಬೇರೆ, ನೀರು ಎಳೆಯುವ ವರಸೆ ಬೇರೆ; ಅದನ್ನು ಕಲಿಸಬಹುದು. ತಾಳಕ್ಕೆ ಮೈ ಒಗ್ಗಿಸುವುದೇ ಕಷ್ಟ, ಅದು ಇಲ್ಲಿ ಎಂದೋ ಆಗಿದೆ.

ಹಾಗಾದರೆ ತೊಡಕು ಎಲ್ಲಿ? ಆಯ್ಕೆಯಲ್ಲಿ. ನೂರು ಮೀಟರ್ ಓಟವಾದರೆ ಗಡಿಯಾರವೇ ತೀರ್ಪು ಕೊಡುತ್ತದೆ. ಇಲ್ಲಿ 20 ಮಂದಿಯ ದೋಣಿಯಲ್ಲಿ ಗೆಲುವು ಯಾರ ತೋಳಿನದು? ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂದ ಹಾಗೆ, ತಾಳ ತಪ್ಪುವ ಬಲಶಾಲಿ ದೋಣಿಗೆ ಭಾರವೇ. ಅದಕ್ಕೇ ಒಬ್ಬೊಬ್ಬರನ್ನೇ ಓಡಿಸಿ ಹೊತ್ತು ಬರೆಯಬೇಕು; ಆಮೇಲೆ ಒಬ್ಬನನ್ನು ಇಳಿಸಿ ಇನ್ನೊಬ್ಬನನ್ನು ಕೂರಿಸಿ ಅದೇ ದೋಣಿಯನ್ನು ಮತ್ತೆ ಓಡಿಸಿ ನೋಡಬೇಕು. ಆ ಲೆಕ್ಕ ಬರೆದಿಡದಿದ್ದರೆ ಉಳಿಯುವುದು ಬರೇ ಶಿಫಾರಸು. ಹಳ್ಳಿ ಹುಡುಗ ಸೋಲುವುದು ಅಲ್ಲೇ.

ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಕರ್ನಾಟಕ, ಕೇರಳ ಎರಡೂ ಕಡೆಯ ರೈತರಿಗಾಗಿ. ಮಾಲು ಪಟೋರವೋ ಕೋಕವೋ ಅಂತ ಕಣ್ಣೆದುರೇ ವಿಂಗಡಿಸಿ, ದರ ಹಲಗೆಯ ಮೇಲೆ ಬರೆದಿದ್ದರೆ ಬೆಳೆಗಾರ ಮರುಮಾತಾಡದೆ ಹಣ ಎಣಿಸುತ್ತಾನೆ. ಅಡಿಕೆಗೆ ಸಲ್ಲುವ ನ್ಯಾಯ ಮಕ್ಕಳಿಗೆ ಬೇಡವೇ?

ನಮ್ಮ ಬೇಡಿಕೆ ಮೂರೇ. ಒಂದು, ಆಯ್ಕೆಯ ಪರೀಕ್ಷೆ ಇಲ್ಲಿಂದ ಸುಮಾರು 400 ಕಿ.ಮೀ. ದೂರದ ಆಲಪ್ಪುಳಕ್ಕೇ ನಿಲ್ಲದೆ ತೇಜಸ್ವಿನಿ, ಚಂದ್ರಗಿರಿಗಳಿಗೂ ಬರಲಿ. ಎರಡು, ಅದರ ಪ್ರಕಟಣೆ ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ. ಮಂಜೇಶ್ವರ, ಕುಂಬಳೆಯ ಹುಡುಗನಿಗೆ ತಾರೀಕು ಕಳೆದ ಮೇಲೆ ಸುದ್ದಿ ಮುಟ್ಟಿದರೆ ಏನು ಫಲ? ಮೂರು, ಪ್ರತಿಯೊಬ್ಬನ ಹೊತ್ತು, ಅಂಕ ಅಂದೇ ಹಲಗೆಯ ಮೇಲೆ ಏರಲಿ. ಇದು ಬರೇ ಆಟದ ಮಾತಲ್ಲ. ಕ್ರೀಡಾ ಕೋಟಾದ ಒಂದು ಸರಕಾರಿ ಕೆಲಸ ಒಂದು ಮನೆಯ ಸಾಲ ತೀರಿಸುತ್ತದೆ.

ಭಾಷೆ ಬೇರೆಯಾದರೆ ತಾಳ ಕೂಡುವುದೆಂತು ಅನ್ನುವವರೂ ಇದ್ದಾರೆ. ದೋಣಿಗೆ ಮಲಯಾಳದಲ್ಲಿ ವಳ್ಳಂ, ತೆಲುಗಿನಲ್ಲಿ ಪಡವ. ತುಳುವಿನ ಓಡ ತೆಲುಗಿಗೆ ಹೋದರೆ ಹಡಗಾಗುತ್ತದೆ. ತೇಲುವುದು ಮಾತ್ರ ಎಲ್ಲ ಒಂದೇ ನೀರಲ್ಲಿ. 2018ರ ಏಷ್ಯನ್ ಕೂಟದಲ್ಲಿ ಉತ್ತರ ಕೊರಿಯ, ದಕ್ಷಿಣ ಕೊರಿಯದ ಹೆಣ್ಣುಮಕ್ಕಳು ಕೆಲವೇ ವಾರ ಜೊತೆಗೆ ಅಭ್ಯಾಸ ಮಾಡಿ, ಒಂದೇ ದೋಣಿಯಲ್ಲಿ ಕೂತು 500 ಮೀಟರ್ ಚಿನ್ನ ಗೆದ್ದರು. ಅವರ ನಡುವೆ ಇದ್ದದ್ದು ಮುಳ್ಳುಬೇಲಿಯ ಗಡಿ. ನಮ್ಮ ನಡುವೆ ಇರುವುದು ತಲಪಾಡಿಯ ಒಂದು ಗೇಟು. ಅದನ್ನು ದಿನಾ ದಾಟಿ ವ್ಯಾಪಾರ ಮಾಡುವವರು ನಾವು. ಮಕ್ಕಳನ್ನು ಒಂದೇ ದೋಣಿಯಲ್ಲಿ ಕೂರಿಸುವುದು ಅದಕ್ಕಿಂತ ಕಷ್ಟವೇನಲ್ಲ.