ಬಿಳಿಯ ಸಮವಸ್ತ್ರ ಮತ್ತು ಸಂಜೆಯ ಕೆಲಸ

ದುಡಿಯುತ್ತ ಓದುವುದು ನಮ್ಮ ಬೆಂಗಳೂರಿಗೆ ಹೊಸತಲ್ಲ. ವಾರಾನ್ನ ಉಂಡು, ಯಾರದೋ ಮನೆಯ ಜಗಲಿಯಲ್ಲಿ ಮಲಗಿ, ಮಕ್ಕಳಿಗೆ ಪಾಠ ಹೇಳಿ ಶುಲ್ಕ ಕಟ್ಟಿದವರ ಊರಿದು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದ ವಿಶ್ವೇಶ್ವರಯ್ಯನವರೂ ಮನೆಪಾಠ ಹೇಳಿಯೇ ತಮ್ಮ ವಿದ್ಯಾಭ್ಯಾಸ ಸಾಗಿಸಿದವರು. ಆದುದರಿಂದ ವಿದ್ಯಾರ್ಥಿಯಾದವನು ದುಡಿಯಬೇಕೇ ಬೇಡವೇ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಅದನ್ನು ಮನೆಯ ಪರಿಸ್ಥಿತಿ ಮೊದಲೇ ತೀರ್ಮಾನಿಸಿರುತ್ತದೆ. ಯಾವ ಕೆಲಸ, ಎಷ್ಟು ಹೊತ್ತು ಎಂಬುದಷ್ಟೇ ಉಳಿಯುವ ಪ್ರಶ್ನೆ. ದಾದಿಯಾಗಲು ಓದುತ್ತಿರುವವರ ವಿಷಯದಲ್ಲಿ ಈ ಪ್ರಶ್ನೆ ಅವರೊಬ್ಬರಿಗೇ ಸೇರಿದ್ದಲ್ಲ. ಹಾಸಿಗೆ ಹಿಡಿದ ರೋಗಿಗೂ ಸೇರಿದ್ದು.

ಇದನ್ನು ಬರೆಯಲು ಕಾರಣ ಸುಲ್ತಾನ್‌ಪೇಟೆಯ ಒಬ್ಬ ಹುಡುಗಿ. ನನ್ನ ಹಳೆಯ ವಿದ್ಯಾರ್ಥಿಯ ಮಗಳು, ಬಿ.ಎಸ್ಸಿ. ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಾಳೆ. ತಂದೆ ಕಾಗದದ ಅಂಗಡಿಯೊಂದರಲ್ಲಿ ಗುಮಾಸ್ತ. "ತಾತ, ಮೂರು ಕೆಲಸ ಸಿಗೋ ಹಾಗಿದೆ, ಯಾವುದಕ್ಕೆ ಸೇರಲಿ?" ಎಂದು ಕೇಳಿದಳು. ಮೊದಲನೆಯದು ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ. ಸಂಬಳ ಎಲ್ಲಕ್ಕಿಂತ ಹೆಚ್ಚು. ಎರಡನೆಯದು ಚಾಮರಾಜಪೇಟೆಯ ಮನೆಯೊಂದರಲ್ಲಿ ಹಾಸಿಗೆ ಹಿಡಿದ ವೃದ್ಧೆಯನ್ನು ಸಂಜೆ ನೋಡಿಕೊಳ್ಳುವುದು. ಮೂರನೆಯದು ತನ್ನದೇ ಬೀದಿಯ ಲಗ್ನಪತ್ರಿಕೆ ಅಂಗಡಿಯಲ್ಲಿ ಸಂಜೆ ಎರಡು ಗಂಟೆ ಕರಡು ತಿದ್ದುವುದು, ಪತ್ರಿಕೆಗಳನ್ನು ಮಡಿಸಿ ಲಕೋಟೆಗೆ ಸೇರಿಸುವುದು. ಸಂಬಳ ಎಲ್ಲಕ್ಕಿಂತ ಕಡಿಮೆ.

ಮೊದಲು ಅವಳ ದಿನಚರಿಯನ್ನು ನೋಡೋಣ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪ್ರಕಟಿಸಿದ ಪಠ್ಯಕ್ರಮದಂತೆ ನಾಲ್ಕು ವರ್ಷಕ್ಕೆ ಎಂಟು ಸೆಮಿಸ್ಟರ್. ಒಂದೊಂದಕ್ಕೂ 20 ವಾರ, ವಾರಕ್ಕೆ 40 ಗಂಟೆ. ಪರೀಕ್ಷೆಗೆ ಕೂರಲು ಶೇಕಡ 80 ಹಾಜರಾತಿ ಬೇಕು. ಪದವಿ ಕೈಗೆ ಬರುವ ಮುನ್ನ ಪ್ರಾಯೋಗಿಕ ತರಬೇತಿಯಲ್ಲಿ ಶೇಕಡ 100 ತುಂಬಿರಬೇಕು. ಕಲಾ ವಿಭಾಗದ ವಿದ್ಯಾರ್ಥಿ ತಪ್ಪಿದ ತರಗತಿಯನ್ನು ಗೆಳೆಯನ ಟಿಪ್ಪಣಿ ನೋಡಿ ತುಂಬಿಕೊಂಡಾನು. ವಾರ್ಡಿನಲ್ಲಿ ತಪ್ಪಿದ ದಿನವನ್ನು ವಾರ್ಡಿನಲ್ಲೇ ನಿಂತು ತುಂಬಬೇಕು.

ಹೀಗೆ ಹಗಲೆಲ್ಲ ನಿಂತವಳು ರಾತ್ರಿ ಪಾಳಿಗೂ ಹೋದರೆ ನಿದ್ರೆ ಎಲ್ಲಿಂದ ಬಂದೀತು? ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 1997ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವನ ಕೈಚಳಕ ಮತ್ತು ಗಮನ, ರಕ್ತದಲ್ಲಿ ಶೇಕಡ 0.05 ಮದ್ಯಸಾರವಿರುವವನ ಮಟ್ಟಕ್ಕೆ ಇಳಿದಿರುತ್ತದೆ ಎಂಬುದು ಅದರ ಸಾರ. ನಮ್ಮ ಮೋಟಾರು ವಾಹನ ಕಾಯಿದೆ ಚಾಲಕನಿಗೆ ಹಾಕಿರುವ ಮಿತಿ 0.03. ಬೆಳಗ್ಗೆ ಆರಕ್ಕೆ ಎದ್ದ ಹುಡುಗಿಗೆ ರಾತ್ರಿ ಹನ್ನೊಂದಕ್ಕೇ 17 ಗಂಟೆ ತುಂಬುತ್ತದೆ. ಪಾಳಿ ಮುಗಿಯಲು ಆಗಿನ್ನೂ ಏಳು ಗಂಟೆ ಉಳಿದಿರುತ್ತದೆ. ಅಂಥವಳ ಕೈಯಲ್ಲಿ ಸ್ಕೂಟರ್ ಕೊಡಲು ಹೆದರುವ ನಾವು ಸೂಜಿ ಮತ್ತು ಔಷಧಿಯ ಸೀಸೆ ಕೊಡುತ್ತೇವೆ!

ಇನ್ನೊಂದು ಮಾತು. ಓದು ಮುಗಿಸಿ, ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ ಮೇಲಷ್ಟೇ ಒಬ್ಬಳು ನರ್ಸ್. ಅದಕ್ಕೂ ಮೊದಲೇ ಸಮವಸ್ತ್ರ ತೊಡಿಸಿ ವಾರ್ಡಿಗೆ ಬಿಡುವುದು ರೋಗಿಗೆ ಮಾಡುವ ವಂಚನೆ. "ಅನುಭವ ಆಗುತ್ತಲ್ಲ ಸ್ವಾಮಿ" ಎನ್ನುವವರುಂಟು. ತರಬೇತಿಯ ವಾರ್ಡಿನಲ್ಲಿ ಪಕ್ಕದಲ್ಲಿ ನಿಂತು ತಿದ್ದುವವರಿರುತ್ತಾರೆ. ಅರ್ಧರಾತ್ರಿ ಎರಡು ಗಂಟೆಗೆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಯಾರಿರುತ್ತಾರೆ? ಅಕ್ಷರವನ್ನು ಮೊದಲು ತಪ್ಪಾಗಿ ಕಲಿತ ಮಗುವನ್ನು ತಿದ್ದುವುದು, ಏನೂ ಕಲಿಯದ ಮಗುವಿಗೆ ಕಲಿಸುವುದಕ್ಕಿಂತ ಕಷ್ಟವೆಂಬುದನ್ನು ಮೇಷ್ಟರಾದವರೆಲ್ಲ ಬಲ್ಲರು.

ವೃದ್ಧೆಯ ಆರೈಕೆ ಒಳ್ಳೆಯ ಕೆಲಸವೇ. ಮಗ್ಗುಲು ಬದಲಿಸಿ ಬೆನ್ನುಹುಣ್ಣು ಬಾರದಂತೆ ನೋಡುವುದು, ಗಂಜಿ ನೆತ್ತಿಗೇರದಂತೆ ಕುಡಿಸುವುದು, ತಾಳ್ಮೆಯಿಂದ ಮಾತಾಡಿಸುವುದು – ಇವೆಲ್ಲ ಅವಳ ವೃತ್ತಿಗೆ ಒದಗುವ ಪಾಠಗಳು. ಆದರೆ ನಾಲ್ಕು ದಿನ ಕಳೆದ ಮೇಲೆ ಮನೆಯವರು "ನೀನೇ ನರ್ಸಿಂಗ್ ಓದ್ತಿದೀಯಲ್ಲಮ್ಮ, ಇದೊಂದು ಇಂಜೆಕ್ಷನ್ ಕೊಟ್ಟುಬಿಡು" ಎನ್ನುತ್ತಾರೆ. ಹತ್ತೊಂಬತ್ತು ವರ್ಷದ ಹುಡುಗಿಗೆ ಹಿರಿಯರೆದುರು ಇಲ್ಲವೆನ್ನುವುದು ಸುಲಭವಲ್ಲ. ಹೋಗುವುದಾದರೆ ಚುಚ್ಚುಮದ್ದು, ಡ್ರಿಪ್ ತನ್ನ ಕೆಲಸವಲ್ಲವೆಂದು ಮೊದಲ ದಿನವೇ ತಂದೆಯ ಸಮಕ್ಷಮದಲ್ಲಿ ಹೇಳಿಬಿಡಬೇಕು.

ನನ್ನ ಮತ ಲಗ್ನಪತ್ರಿಕೆ ಅಂಗಡಿಗೆ. ಮನೆಗೆ ಕೂಗಳತೆಯ ದೂರ. ಒಂಬತ್ತಕ್ಕೆ ಊಟ, ಹತ್ತಕ್ಕೆ ನಿದ್ರೆ. ಆಷಾಢ, ಧನುರ್ಮಾಸಗಳಲ್ಲಿ ಮದುವೆಗಳಿಲ್ಲದೆ ಕೆಲಸ ಇಳಿಯುತ್ತದೆ, ಓದಿಗೆ ಬಿಡುವು. ಕರಡು ತಿದ್ದುವುದು ನಿಷ್ಪ್ರಯೋಜಕ ವಿದ್ಯೆಯೂ ಅಲ್ಲ. ವರನ ಹೆಸರು, ತಾರೀಖು, ಮುಹೂರ್ತದ ಗಂಟೆಯನ್ನು ಎರಡೆರಡು ಬಾರಿ ಮೂಲದೊಡನೆ ತಾಳೆ ನೋಡುವ ಕಣ್ಣು, ನಾಳೆ ರೋಗಿಯ ಹೆಸರು, ಔಷಧಿ, ಪ್ರಮಾಣ, ವೇಳೆಗಳನ್ನು ತಾಳೆ ನೋಡುವ ಕಣ್ಣೂ ಹೌದು.

ಸಂಬಳ ಕಡಿಮೆಯೆಂಬ ಆಕ್ಷೇಪಣೆ ನಿಜವಾದದ್ದು. ಅದನ್ನು ಉಪದೇಶದಿಂದ ತಳ್ಳಿಹಾಕಲಾರೆ. ವ್ಯತ್ಯಾಸವನ್ನು ಬೇರೆ ಕಡೆಯಿಂದ ತುಂಬಬೇಕು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ತನಗೆ ಅನ್ವಯಿಸುವ ಯೋಜನೆಗೆ ಅರ್ಜಿ ಹಾಕುವುದು ಮೊದಲ ಹೆಜ್ಜೆ. ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಪ್ರಾಂಶುಪಾಲರನ್ನು ಲಿಖಿತವಾಗಿ ಕೇಳುವುದು ಎರಡನೆಯದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾದದ್ದು ಇಂಥ ಮನೆಗಳಿಗೆ ಸಣ್ಣ ಉಪಕಾರವಲ್ಲ.

ಆದರೂ ಹೊರೆಯನ್ನೆಲ್ಲ ಹುಡುಗಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನಲ್ಲಿ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದಾಗ ಕಲಿಯುವವರಿಗೆ ಊಟ, ವಸತಿಯ ಜೊತೆಗೆ ವರ್ಷಕ್ಕೆ 10 ಪೌಂಡ್ ಕೊಡುತ್ತಿದ್ದರು. ವಾರ್ಡಿನಲ್ಲಿ ದುಡಿಯುವ ಕೈ ಅದು, ಬರಿಗೈಯಲ್ಲಿ ಕಳಿಸಬಾರದೆಂಬ ತಿಳಿವಳಿಕೆ ಅಂದೇ ಇತ್ತು. ನೂರರವತ್ತು ವರ್ಷ ಕಳೆದ ಮೇಲೆ, ಖಾಸಗಿ ಕಾಲೇಜಿಗೆ ಶುಲ್ಕ ತೆತ್ತು ಅದೇ ವಾರ್ಡಿನಲ್ಲಿ ನಿಲ್ಲುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಪ್ರಾಯೋಗಿಕ ತರಬೇತಿಯ ದಿನಗಳಿಗಾದರೂ ಎಲ್ಲ ವಿದ್ಯಾರ್ಥಿಗಳಿಗೂ ಸರ್ಕಾರ ಶಿಷ್ಯವೇತನ ಗೊತ್ತುಮಾಡಬೇಕೆಂದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ನಮ್ಮ ಪೇಟೆಯ ವರ್ತಕರಲ್ಲಿ ಒಂದು ಬಿನ್ನಹ. ಚಿಕ್ಕಪೇಟೆ, ಸುಲ್ತಾನ್‌ಪೇಟೆಗಳಲ್ಲಿ ಎರಡು ಗಂಟೆಯ ಕೆಲಸ ಇಲ್ಲದ ಅಂಗಡಿಯಿಲ್ಲ. ಅದನ್ನು ಇಂಥ ಓದುವ ಮಕ್ಕಳಿಗೆ ಕೊಡಿ. ಪರೀಕ್ಷೆಯ ತಿಂಗಳು ರಜ ಕೊಟ್ಟು, ಕೆಲಸವನ್ನು ಅವರಿಗಾಗಿಯೇ ಉಳಿಸಿಡಿ. ಸುಲ್ತಾನ್‌ಪೇಟೆಯ ಹುಡುಗಿ ಕಳೆದ ಸೋಮವಾರದಿಂದ ಲಗ್ನಪತ್ರಿಕೆ ಅಂಗಡಿಗೆ ಹೋಗುತ್ತಿದ್ದಾಳೆ. ಸೆಮಿಸ್ಟರ್ ಪರೀಕ್ಷೆಗೆ ಮೂರು ವಾರ ಬಿಡುವು ಕೊಡಲು ಮಾಲೀಕರು ಒಪ್ಪಿದ್ದಾರಂತೆ.