ನೀರು ಹೊತ್ತವನಿಗೂ ಅಂಕ ಬೇಡವೇ?

ಟಿ. ದಾಸರಹಳ್ಳಿಯಲ್ಲಿ ಸೈಕಲ್ಲೆಂದರೆ ಪೀಣ್ಯದ ಕಾರ್ಖಾನೆಗೆ ಪಾಳಿಯ ಹೊತ್ತಿಗೆ ಮುಟ್ಟಿಸುವ ವಾಹನ. ಹಾಗಿರುವಾಗ, ಜುಲೈ ಬಂತೆಂದರೆ ನಮ್ಮ ಕೆಲವು ಮಿತ್ರರು ‘ಟೂರ್ ದ ಫ್ರಾನ್ಸ್’ ಪಂದ್ಯದ ಸವಾರರನ್ನು ಆಯ್ದು, ಕಾಗದದ ಮೇಲೆ ಕಲ್ಪನೆಯ ತಂಡ ಕಟ್ಟಿ, 21 ಹಂತಗಳುದ್ದಕ್ಕೂ ಅಂಕ ಎಣಿಸಿ ಕಾದಾಡುವುದನ್ನು ಕಂಡವರು “ಇದೂ ಜೂಜೇ” ಎನ್ನುತ್ತಾರೆ. ಅಲ್ಲ. 2025ರಲ್ಲಿ ಸಂಸತ್ತು ನಿಷೇಧಿಸಿದ್ದು ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು. ಇಲ್ಲಿ ಸೋತವನಿಗೆ ಸಿಗುವುದು ಗೆಳೆಯರ ಗೇಲಿಯೊಂದೇ.

ನನ್ನ ಆಕ್ಷೇಪವೇ ಬೇರೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಮೊದಲು ಗುರಿ ಮುಟ್ಟಿದವರಿಗಷ್ಟೇ ಅಂಕ. ನಾಯಕನ ಮುಂದೆ ಸಾಗುತ್ತ ಗಾಳಿಗೆ ಎದೆಯೊಡ್ಡುವವನಿಗೆ, ತಂಡದ ಕಾರಿನಿಂದ ನೀರಿನ ಶೀಷೆಗಳನ್ನು ಅಂಗಿಯೊಳಗೆ ತುರುಕಿಕೊಂಡು ತರುವವನಿಗೆ ಸೊನ್ನೆ! ಇವರು ಕೈಲಾಗದವರೆಂದಲ್ಲ. ಅಮೆರಿಕದ ಸೆಪ್ ಕುಸ್ ಅಂಥ ಒತ್ತಾಸೆಯ ಸವಾರನೇ. 2023ರಲ್ಲಿ ಸ್ಪೇನಿನ ‘ವುಯೆಲ್ಟಾ’ ಪಂದ್ಯವನ್ನು ಆತನೇ ಗೆದ್ದ. ಅದುವರೆಗೆ ಯಾರಿಗಾಗಿ ದುಡಿದಿದ್ದನೋ ಆ ವಿಂಗೆಗೋರ್, ರೋಗ್ಲಿಚ್ 2ನೆಯ ಮತ್ತು 3ನೆಯ ಸ್ಥಾನದಲ್ಲಿ ನಿಂತರು.

“ಹೊತ್ತ ನೀರನ್ನು ಅಳೆಯುವುದು ಹೇಗೆ?” ಎಂದು ಎದುರು ಪಕ್ಷದ ಮಿತ್ರರು ಕೇಳುತ್ತಾರೆ. ಅಳೆಯುವುದೇಕೆ? ಹಂತ ಗೆದ್ದವನ ಅಂಕದಲ್ಲಿ ಹತ್ತರಲ್ಲೊಂದು ಪಾಲು ಅವನ ತಂಡದ ಪ್ರತಿಯೊಬ್ಬನಿಗೂ ಸಲ್ಲಲಿ. ಇದರಿಂದ ಮೊದಲು ಪೆಟ್ಟು ಬೀಳುವುದು ಪೊಗಾಚರ್‌ನೊಬ್ಬನನ್ನೇ ನಂಬಿ ಕುಳಿತಿರುವ ನಮ್ಮ ಲೆಕ್ಕದ ಯಜಮಾನರಿಗೆ. ಅವರು ಒಪ್ಪುವರೇ?