ಕಣಜದ ಮುಂದೆ ತುಡುವೆ

ಮಳೆ ಹಿಂದೆಗೆದು ಬಿಸಿಲು ನೆಲೆಯೂರುವ ದಿನಗಳಲ್ಲಿ ಮಲೆನಾಡಿನ ಮನೆಯಂಗಳದ ಜೇನುಪೆಟ್ಟಿಗೆಗಳ ಮುಂದೆ ಸದ್ದಿಲ್ಲದ ಯುದ್ಧವೊಂದು ನಡೆಯುತ್ತದೆ. ಕೊನೆಕೊಯ್ಲಿನ ಗಡಿಬಿಡಿಯಲ್ಲಿರುವವರ ಕಣ್ಣಿಗೆ ಅದು ಬೀಳುವುದು ಕಡಿಮೆ. ಕಣಜವೊಂದು ಪೆಟ್ಟಿಗೆಯ ಬಾಗಿಲಿಗೆದುರಾಗಿ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ. ಪರಾಗ ಹೊತ್ತು ಮರಳುವ ನೊಣಗಳಲ್ಲಿ ಒಂದನ್ನು ಹಿಡಿದು ಹತ್ತಿರದ ಕೊಂಬೆಗೆ ಜೋತುಬೀಳುತ್ತದೆ. ತಲೆ, ರೆಕ್ಕೆ, ಕಾಲುಗಳನ್ನು ಕತ್ತರಿಸಿ ಕೆಡವಿ, ಎದೆಯ ಭಾಗವನ್ನಷ್ಟೇ ಉಂಡೆಮಾಡಿ ತನ್ನ ಮರಿಗಳಿಗೆ ಒಯ್ಯುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ.

ತುಡುವೆ ಜೇನಿನ ಕೆಲಸಗಾರ ನೊಣ ಸುಮಾರು ಒಂದು ಸೆಂಟಿಮೀಟರ್ ಉದ್ದದ್ದು. ಅದರ ಮೇಲೆರಗುವ ಕಣಜ ಅದಕ್ಕಿಂತ ಎರಡು ಮೂರು ಪಟ್ಟು ಉದ್ದ, ತೂಕದಲ್ಲಂತೂ ಇನ್ನೂ ಹಲವು ಪಟ್ಟು. ಕಣಜದ ಮೈಕವಚ ಎಷ್ಟು ಗಟ್ಟಿಯೆಂದರೆ ತುಡುವೆಯ ಕೊಂಡಿ ಅದಕ್ಕೆ ಸುಲಭವಾಗಿ ನಾಟುವುದಿಲ್ಲ. ಒಂದಕ್ಕೊಂದು ಎದುರಾದರೆ ಫಲಿತಾಂಶ ಮೊದಲೇ ತೀರ್ಮಾನವಾದಂತೆ. ಹೀಗಿದ್ದೂ ಏಷ್ಯಾದ ಕಾಡುಗಳಲ್ಲಿ ಕಣಜವೂ ತುಡುವೆಯೂ ಅನಾದಿಯಿಂದ ಜೊತೆಗೇ ಬಾಳಿವೆ. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿದುಕೊಳ್ಳುವುದು ಜೇನು ಸಾಕುವವರಿಗೆ ಮಾತ್ರವಲ್ಲ, ಏಲಕ್ಕಿ, ಕಾಫಿ ಬೆಳೆಯುವವರಿಗೂ ಇಂದು ಅಗತ್ಯವಾಗಿದೆ.

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ದೊರೆತದ್ದು ಜಪಾನಿನಲ್ಲಿ. ಅಲ್ಲಿನ ದೈತ್ಯ ಕಣಜ ನಾಲ್ಕು ಸೆಂಟಿಮೀಟರ್‌ವರೆಗೆ ಬೆಳೆಯುವ ಹುಳ. ಭಾರತದಲ್ಲಿ ಹಿಮಾಲಯ ಹಾಗೂ ಈಶಾನ್ಯದ ಬೆಟ್ಟಗಳಲ್ಲಿ ಅದು ಇದೆ. ಪಶ್ಚಿಮಘಟ್ಟದಲ್ಲಿರುವುದು ಅದರ ಸಣ್ಣ ಬಂಧುಗಳು. ದೈತ್ಯ ಕಣಜದ ದಾಳಿಗೆ ಒಂದು ಕ್ರಮವಿದೆ. ಮೊದಲು ಬರುವುದು ಒಂಟಿ ಬೇಹುಗಾರ. ಗೂಡು ಲಾಭದಾಯಕವೆಂದು ಕಂಡರೆ ಅದು ತನ್ನ ದೇಹದಿಂದ ಒಸರುವ ವಾಸನೆಯನ್ನು ಗೂಡಿನ ಬಳಿ ಸವರುತ್ತದೆ. ಆ ಗುರುತನ್ನು ಹಿಡಿದು ಸಂಗಾತಿಗಳು ಗುಂಪಾಗಿ ಬರುತ್ತವೆ. ಅನಂತರ ನಡೆಯುವುದು ಬೇಟೆಯಲ್ಲ, ಕಗ್ಗೊಲೆ. ಇಪ್ಪತ್ತು ಮೂವತ್ತು ಕಣಜಗಳು ಮೂರು ತಾಸಿನೊಳಗೆ ಮೂವತ್ತು ಸಾವಿರ ಯುರೋಪಿಯನ್ ಜೇನುನೊಣಗಳ ಕುಟುಂಬವೊಂದನ್ನು ಮುಗಿಸಬಲ್ಲವು. ಆಮೇಲೆ ಗೂಡನ್ನೇ ವಶಪಡಿಸಿಕೊಂಡು ಮೊಟ್ಟೆ ಮರಿಗಳನ್ನು ಸಾಗಿಸುತ್ತವೆ. ಆದ್ದರಿಂದ ಜೇನು ಗೆಲ್ಲಬೇಕಾದ ಕಾಳಗ ಒಂದೇ: ಮೊದಲ ಬೇಹುಗಾರ ಮರಳಿ ಹೋಗದಂತೆ ತಡೆಯುವುದು.

ತಮಗಾವಾ ವಿಶ್ವವಿದ್ಯಾಲಯದ ಮಸಾಟೊ ಓನೊ ಮತ್ತು ಸಂಗಡಿಗರು 1995ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ತಡೆಯ ಗುಟ್ಟನ್ನು ಬಿಡಿಸಿತು. ಬೇಹುಗಾರನ ಸುಳಿವು ಸಿಕ್ಕೊಡನೆ ಅಲ್ಲಿನ ತುಡುವೆಗಳು ಬಾಗಿಲಿನಿಂದ ಒಳಸರಿಯುತ್ತವೆ. ನೋಡುವವರಿಗೆ ಅದು ಹೆದರಿಕೆಯೆಂದೇ ತೋರಬೇಕು. ಆದರೆ ಒಳಗೆ ನೂರಾರು ನೊಣಗಳು ಸಿದ್ಧವಾಗಿ ಕಾಯುತ್ತಿರುತ್ತವೆ. ಕಣಜ ಒಳಗೆ ಕಾಲಿಟ್ಟ ಕ್ಷಣ ಐದುನೂರರವರೆಗೂ ನೊಣಗಳು ಅದರ ಮೇಲೆ ಬಿದ್ದು ಉಂಡೆಯಂತೆ ಮುಚ್ಚಿಬಿಡುತ್ತವೆ. ಯಾವುದೂ ಕೊಂಡಿ ಹೊರತೆಗೆಯುವುದಿಲ್ಲ. ರೆಕ್ಕೆ ಬಡಿಯದೆಯೇ ಹಾರಾಟದ ಸ್ನಾಯುಗಳನ್ನು ಅದುರಿಸಿ ಬಿಸಿ ಹುಟ್ಟಿಸುತ್ತವೆ. ಚಳಿಯಲ್ಲಿ ಮರಿಗಳನ್ನು ಬೆಚ್ಚಗಿಡಲು ನಿತ್ಯವೂ ಬಳಸುವ ವಿದ್ಯೆಯೇ ಇದು. ಉಂಡೆಯ ಒಳಗಿನ ಶಾಖ 47 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕಣಜ ತಾಳಬಲ್ಲದ್ದು 44ರಿಂದ 46 ಡಿಗ್ರಿ, ತುಡುವೆ ತಾಳಬಲ್ಲದ್ದು 48ರಿಂದ 50 ಡಿಗ್ರಿ. ಕೆಲವೇ ನಿಮಿಷಗಳಲ್ಲಿ ಕಣಜ ಬೆಂದು ಸಾಯುತ್ತದೆ.

ಎರಡು ಮೂರು ಡಿಗ್ರಿಗಳ ಆ ಕಿರಿದಾದ ಅಂತರದ ಮೇಲೆ ಇಡೀ ಕುಟುಂಬದ ಬದುಕು ನಿಂತಿದೆ. 2009ರಲ್ಲಿ ಜಪಾನಿನ ಇನ್ನೊಂದು ತಂಡ ಇದಕ್ಕೆ ಹೊಸ ಅಂಶವೊಂದನ್ನು ಸೇರಿಸಿತು. ಉಂಡೆಯೊಳಗೆ ಉಸಿರಿನ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅಂಥ ಗಾಳಿಯಲ್ಲಿ ಕಣಜದ ಶಾಖ ಸಹನೆಯೂ ಇಳಿಯುತ್ತದೆ. ಅಂದರೆ ಶಾಖವೂ ಉಸಿರುಗಟ್ಟಿಸುವಿಕೆಯೂ ಕೂಡಿ ಕೊಲ್ಲುತ್ತವೆ. ಈ ಗೆಲುವು ಬಿಟ್ಟಿಯದಲ್ಲ. ಉಂಡೆಗಟ್ಟಿ ಬಿಸಿಯುಂಡ ನೊಣಗಳ ಉಳಿದ ಆಯುಷ್ಯ ಕುಗ್ಗುತ್ತದೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಇನ್ನೊಂದು ದಾಳಿ ಬಂದಾಗ ಮತ್ತೆ ಮುನ್ನುಗ್ಗುವುದು ಹೆಚ್ಚಾಗಿ ಇಂಥ ನೊಣಗಳೇ.

ಉಂಡೆಗಟ್ಟುವುದು ಕೊನೆಯ ಅಸ್ತ್ರ. ಅದಕ್ಕೆ ಮೊದಲಿನ ಉಪಾಯಗಳು ಇನ್ನೂ ಮಿತವ್ಯಯದವು. ಕಣಜ ಗೂಡಿನ ಹತ್ತಿರ ಸುಳಿದಾಗ ಬಾಗಿಲಲ್ಲಿರುವ ತುಡುವೆಗಳೆಲ್ಲ ಒಟ್ಟಾಗಿ ಮೈ ಅದುರಿಸುತ್ತವೆ. 'ನಿನ್ನನ್ನು ಕಂಡಿದ್ದೇವೆ' ಎಂಬ ಸಂಜ್ಞೆ ಇದೆಂದು ಚೀನಾದ ಯುನ್ನಾನಿನ ಕೆನ್ ಟ್ಯಾನ್ ಮತ್ತು ಸಂಗಡಿಗರು 2012ರಲ್ಲಿ ವಿವರಿಸಿದರು. ಎಚ್ಚೆತ್ತ ಗೂಡಿನ ಮೇಲೆ ಎರಗಿದರೆ ಪ್ರಾಣಕ್ಕೇ ಕುತ್ತೆಂದು ಅರಿತ ಕಣಜ ಹಿಂದೆ ಸರಿಯುತ್ತದೆ. ಕಾವಲಿನವರಿಗೂ ಕಳ್ಳನಿಗೂ ಲಾಭವಾಗುವ ಒಪ್ಪಂದವಿದು. ವಿಯೆಟ್ನಾಮಿನ ತುಡುವೆಗಳದು ಇನ್ನೊಂದು ಬಗೆ. ಅವು ಎಮ್ಮೆ, ಕೋಳಿ ಮೊದಲಾದ ಪ್ರಾಣಿಗಳ ಸಗಣಿ ಹಿಕ್ಕೆಯನ್ನು ಬಾಯಲ್ಲಿ ತಂದು ಬಾಗಿಲ ಸುತ್ತ ಚುಕ್ಕೆ ಚುಕ್ಕೆಯಾಗಿ ಹಚ್ಚುತ್ತವೆ. ಚುಕ್ಕೆ ಹೆಚ್ಚಿದಷ್ಟೂ ಕಣಜ ಬಾಗಿಲು ಕೊರೆಯುವುದು ಕಡಿಮೆಯಾಗುತ್ತದೆ. ಈ ಸಂಗತಿ 2020ರಲ್ಲಿ ವಿಜ್ಞಾನ ಪತ್ರಿಕೆಗೆ ಬಂತು. ಆದರೆ ಪೆಟ್ಟಿಗೆಯ ಮೇಲಿನ ಕಪ್ಪು ಕಲೆಗಳು ಎಮ್ಮೆಯ ಸಗಣಿಯೆಂದು ಸಂಶೋಧಕರಿಗೆ ಮೊದಲು ಹೇಳಿದವರು ಅಲ್ಲಿನ ಜೇನುಸಾಕಣೆಯ ರೈತರು. ಹಳ್ಳಿಯವರ ಮಾತನ್ನು ಕಟ್ಟುಕತೆಯೆಂದು ತಳ್ಳಿಹಾಕುವ ಪಂಡಿತರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದೊಳ್ಳೆಯದು.

ಬಯಲಿಗೇ ಎರಿ ತೂಗಿಬಿಡುವ ಹೆಜ್ಜೇನಿಗೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ಹೆಮ್ಮರದ ಕೆಳಗೆ ನಿಂತು ನೋಡಿದವರಿಗೆ ಅದರ ಮೈಮೇಲೆ ಅಲೆಯಂತೆ ಹಾದುಹೋಗುವ ಮಿನುಗು ಪರಿಚಿತ. ನೂರಾರು ನೊಣಗಳು ಕ್ಷಣಾರ್ಧದಲ್ಲಿ ಒಂದರ ಬೆನ್ನಿಗೊಂದು ಹಿಂಭಾಗವನ್ನು ಮೇಲೆತ್ತುವುದರಿಂದ ಈ ಅಲೆ ಏಳುತ್ತದೆ. ನೇಪಾಳದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಅಲೆ ಕಣಜವನ್ನು ಗೂಡಿನಿಂದ ಸುಮಾರು ಅರ್ಧ ಮೀಟರ್ ಆಚೆಗೇ ತಡೆಯುತ್ತದೆ.

ಈ ಎಲ್ಲ ಉಪಾಯಗಳ ಹಿಂದಿರುವುದು ದೀರ್ಘಕಾಲದ ಪರಿಚಯ. ಪರಿಚಯವಿಲ್ಲದವರ ಪಾಡೇನೆಂದು ತಿಳಿಯಲು ಯುರೋಪಿನತ್ತ ನೋಡಬಹುದು. ಏಷ್ಯಾದ ಹಳದಿಗಾಲಿನ ಕಣಜ 2004ರ ಸುಮಾರಿಗೆ ಫ್ರಾನ್ಸಿಗೆ ಹೊಕ್ಕು ಅಕ್ಕಪಕ್ಕದ ದೇಶಗಳಿಗೆಲ್ಲ ಹಬ್ಬಿತು. ಅಲ್ಲಿನ ಜೇನು ಅದನ್ನು ಎದುರಿಸಲು ಅರಿಯದೆ ಸೋಲುತ್ತಿದೆ. ಉತ್ತರ ಅಮೆರಿಕದಲ್ಲಿ 2019ರಲ್ಲಿ ದೈತ್ಯ ಕಣಜ ಕಾಣಿಸಿಕೊಂಡಾಗ ಗೂಡುಗಳನ್ನು ಹುಡುಕಿ ಹುಡುಕಿ ತೆಗೆದರು. 2024ರ ಡಿಸೆಂಬರಿನಲ್ಲಿ ಅದು ನಿರ್ಮೂಲವಾಯಿತೆಂದು ಅಮೆರಿಕ ಘೋಷಿಸಿತು. ಯುರೋಪಿಯನ್ ಜೇನಿಗೆ ಏನೂ ಬಾರದು ಎಂದಲ್ಲ. ಸೈಪ್ರಸ್ ದ್ವೀಪದ ತಳಿ ತನ್ನ ನೆಲದ ಕಣಜವನ್ನು ಸುತ್ತುಗಟ್ಟಿ ಉಸಿರಾಡಲು ಬಿಡದೆ ಕೊಲ್ಲುತ್ತದೆ. ಅದರ ಅರ್ಥ ಇಷ್ಟೇ: ಪ್ರತಿಯೊಂದು ತಳಿಯೂ ತನ್ನ ನೆಲದ ಶತ್ರುವನ್ನು ಬಲ್ಲದು, ಪರನೆಲದ ಶತ್ರುವನ್ನಲ್ಲ.

ಹೆಚ್ಚು ಜೇನು ಕೊಡುತ್ತದೆ ಎಂಬ ಒಂದೇ ಕಾರಣಕ್ಕೆ ಯುರೋಪಿಯನ್ ಜೇನಿನ ಪೆಟ್ಟಿಗೆಗಳನ್ನು ಮಲೆನಾಡಿಗೆ ಹಂಚುವ ಉತ್ಸಾಹವನ್ನು ಈ ಹಿನ್ನೆಲೆಯಲ್ಲಿ ತೂಗಿನೋಡಬೇಕು. ಸೂರ್ಯಕಾಂತಿ ಬೆಳೆಯುವ ಬಯಲುಸೀಮೆಯಲ್ಲಿ ಅದಕ್ಕೊಂದು ಸ್ಥಾನವಿರಬಹುದು. ಎಡೆಬಿಡದ ಮಳೆಯಲ್ಲಿ ಸಕ್ಕರೆ ನೀರು ಉಣಿಸಿ, ಕಣಜಗಳಿಂದ ಕಾಪಾಡಿ ಅದನ್ನು ಸಾಕುವುದು ಸಣ್ಣ ಹಿಡುವಳಿದಾರನಿಗೆ ಹೊರೆಯೇ ಸರಿ.

ತುಡುವೆಯೂ ಅಜೇಯವಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಕಾಲಿಟ್ಟಾಗ ಸಾಕಿದ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾದವು. ಮರಿಗಳು ಎರಿಯ ಕಣಗಳಲ್ಲೇ ನೀರು ತುಂಬಿದ ಚೀಲಗಳಂತಾಗಿ ಸತ್ತವು. ಜೇನಿಗೆ ಹೆಸರಾದ ಕೊಡಗಿನಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಕಣಜದ ಎದುರು ಉಂಡೆಗಟ್ಟುವ ವಿದ್ಯೆ ಕಣ್ಣಿಗೆ ಕಾಣದ ವೈರಸ್ಸಿನೆದುರು ಕೆಲಸಕ್ಕೆ ಬಾರಲಿಲ್ಲ. ಆದರೂ ಬದುಕುಳಿದ ಕುಟುಂಬಗಳಿಂದ ತುಡುವೆ ಕ್ರಮೇಣ ಮರಳಿತು. ಹೀಗೆ ಮರಳಲು ಪೊಟರೆಯಿರುವ ಹಳೆಯ ಮರಗಳೂ ವರ್ಷವಿಡೀ ಒಂದಲ್ಲ ಒಂದು ಹೂವೂ ಇರುವ ಕಾಡು ಬೇಕು. ಟೊಳ್ಳು ಮರವನ್ನು ಕೆಲಸಕ್ಕೆ ಬಾರದ್ದೆಂದು ಕಡಿದುರುಳಿಸುವವರು ಈ ಲೆಕ್ಕವನ್ನು ಹಾಕುವುದಿಲ್ಲ.

ಇಂದಿನ ಶತ್ರು ವೈರಸ್ಸಿಗಿಂತಲೂ ಸೂಕ್ಷ್ಮವಾದದ್ದು. ಇಮಿಡಾಕ್ಲೋಪ್ರಿಡ್ ಮೊದಲಾದ ನಿಯೋನಿಕೋಟಿನಾಯ್ಡ್ ಕೀಟನಾಶಕಗಳು ಗಿಡದ ರಸದೊಳಗೇ ಸೇರಿ ಪರಾಗಕ್ಕೂ ಮಕರಂದಕ್ಕೂ ತಲಪುತ್ತವೆ. ಕೀಟಗಳ ನರಗಳ ಮೇಲೆ ಇವುಗಳ ಪರಿಣಾಮ. ಕೊಲ್ಲದಷ್ಟು ಅಲ್ಪ ಪ್ರಮಾಣದಲ್ಲೂ ಇವು ಜೇನುನೊಣದ ಕಲಿಕೆ, ನೆನಪು, ದಾರಿಯ ಅರಿವುಗಳನ್ನು ಕೆಡಿಸುತ್ತವೆ. ಇದು ಬಹುಮಂದಿಗೆ ತಿಳಿದ ವಿಷಯ. ಅಷ್ಟಾಗಿ ತಿಳಿಯದ ಸಂಗತಿಯೊಂದನ್ನು ಮೇಲೆ ಹೇಳಿದ ಕೆನ್ ಟ್ಯಾನ್ ತಂಡವೇ 2014ರಲ್ಲಿ ಪ್ರಕಟಿಸಿತು. ಸಕ್ಕರೆ ನೀರಿನ ಎರಡು ತಟ್ಟೆಗಳನ್ನಿಟ್ಟು ಒಂದರ ಬಳಿ ಕಣಜವನ್ನಿರಿಸಿದರೆ, ಆರೋಗ್ಯವಂತ ತುಡುವೆ ಕಣಜವಿರುವ ತಟ್ಟೆಯನ್ನು ತೊರೆಯುತ್ತದೆ. ಇಮಿಡಾಕ್ಲೋಪ್ರಿಡ್ ಬೆರೆತ ಮಕರಂದ ಕುಡಿದ ತುಡುವೆಯಲ್ಲಿ ಈ ಎಚ್ಚರ ಕುಗ್ಗಿತ್ತು. ಅದು ಕಣಜದ ಬಾಯಿಗೇ ಹೋಗಿ ಕೂರುತ್ತಿತ್ತು.

ಉಂಡೆಗಟ್ಟಲು ನೂರಾರು ನೊಣಗಳು ಒಂದೇ ಕ್ಷಣಕ್ಕೆ ಎಚ್ಚೆತ್ತುಕೊಳ್ಳಬೇಕು. ಸಂಜ್ಞೆ ಕೊಡಬೇಕಾದರೆ ಕಾವಲಿನ ನೊಣ ಮೊದಲು ಕಣಜವನ್ನು ಗುರುತಿಸಬೇಕು. ಗುರುತಿಸುವ ಶಕ್ತಿಯೇ ಮಂಕಾದ ಮೇಲೆ ಐದುನೂರು ನೊಣಗಳಿದ್ದೇನು, ಐದು ಸಾವಿರವಿದ್ದೇನು? ಸಿಂಪಡಣೆಯ ಮರುದಿನ ಪೆಟ್ಟಿಗೆಯ ಮುಂದೆ ಸತ್ತ ನೊಣಗಳ ರಾಶಿ ಬಿದ್ದಿದ್ದರೆ ರೈತನಿಗೆ ಕಾರಣ ತಿಳಿಯುತ್ತದೆ. ಎರಡು ತಿಂಗಳ ನಂತರ ಕಣಜಗಳ ಕಾಟದಿಂದ ಕುಟುಂಬ ಗೂಡು ಬಿಟ್ಟುಹೋದರೆ ಅಪವಾದ ಕಣಜದ ಮೇಲೆ. ಕೂಡಲೇ ಸೀಮೆಎಣ್ಣೆಯ ದೊಂದಿ ಹಿಡಿದು ಕಣಜದ ಗೂಡು ಸುಡಲು ಹೊರಡುತ್ತಾರೆ. ತೋಟದ ಎಲೆ ತಿನ್ನುವ ಹುಳುಗಳನ್ನು ಹಿಡಿದು ಮರಿಗಳಿಗೆ ಉಣಿಸುವ ಕಣಜವೂ ಬೆಳೆಗಾರನ ಆಳೇ ಎಂಬುದು ಆಗ ಯಾರಿಗೂ ನೆನಪಾಗದು.

ಯುರೋಪಿಯನ್ ಒಕ್ಕೂಟ ಈ ಗುಂಪಿನ ಮೂರು ಪ್ರಮುಖ ವಿಷಗಳನ್ನು ಬಯಲು ಬೆಳೆಗಳಲ್ಲಿ ಬಳಸದಂತೆ 2018ರಲ್ಲಿ ನಿಷೇಧಿಸಿತು. ಇಮಿಡಾಕ್ಲೋಪ್ರಿಡ್ ಅವುಗಳಲ್ಲೊಂದು. ಇಲ್ಲಿ ಗೊಬ್ಬರದಂಗಡಿಯ ಮೇಜಿನ ಮೇಲೆ ಯಾವ ಬೆಳೆ, ಯಾವ ಹೂ ಎಂದು ಕೇಳುವವರಿಲ್ಲದೆ ಅದು ಮಾರಾಟವಾಗುತ್ತದೆ. ಏಲಕ್ಕಿಯ ಉದಾಹರಣೆ ಸಾಕು. ಏಲಕ್ಕಿಯ ಹೂ ಕಾಯಾಗಲು ಮುಖ್ಯವಾಗಿ ತುಡುವೆ, ಹೆಜ್ಜೇನುಗಳೇ ಬರಬೇಕು. ಆ ಹೂಗಳು ತಿಂಗಳುಗಟ್ಟಲೆ ಅರಳುತ್ತಲೇ ಇರುತ್ತವೆ. ಥ್ರಿಪ್ಸ್ ಮತ್ತು ಕಾಂಡಕೊರಕಕ್ಕೆಂದು ಸಿಂಪಡಣೆಯೂ ಹೆಚ್ಚುಕಡಿಮೆ ತಿಂಗಳುಗಟ್ಟಲೆ ನಡೆಯುತ್ತದೆ. ರೊಬಸ್ಟಾ ಕಾಫಿಗೂ ಪರಕೀಯ ಪರಾಗ ಬೇಕೇ ಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮಾತು ಬೇರೆ, ಅದು ಶಿಲೀಂಧ್ರಕ್ಕೆ ಸಂಬಂಧಿಸಿದ್ದು. ಎರಡನ್ನೂ ಬೆರೆಸಿ ವಾದಿಸುವುದರಿಂದ ವಾದಕ್ಕೇ ನಷ್ಟ.

ನಿಷೇಧಕ್ಕೆ ಸರ್ಕಾರವನ್ನು ಒತ್ತಾಯಿಸುವುದು ನಡೆಯಲಿ. ಅಷ್ಟರೊಳಗೆ ಊರಿನ ಮಟ್ಟದಲ್ಲೇ ಆಗಬಹುದಾದದ್ದಿದೆ. ಅರಳಿದ ಹೂವಿಗೆ ಕೀಟನಾಶಕ ಸಿಂಪಡಿಸದಿರುವುದು. ಅನಿವಾರ್ಯವಾದಲ್ಲಿ ನೊಣಗಳು ಗೂಡು ಸೇರಿದ ಮೇಲೆ, ಮುಸ್ಸಂಜೆಗೆ ಸಿಂಪಡಿಸುವುದು. ಹಿಂದಿನ ದಿನವೇ ಪೆಟ್ಟಿಗೆಯಿಟ್ಟ ನೆರೆಮನೆಗಳಿಗೆ ಹೇಳಿಕಳುಹಿಸುವುದು. ಕಣಜ ಬರುವ ಋತುವಿನಲ್ಲಿ ನೊಣವಷ್ಟೇ ನುಸುಳುವಂತೆ ಪೆಟ್ಟಿಗೆಯ ಬಾಗಿಲನ್ನು ಕಿರಿದುಮಾಡುವುದು ಅಗ್ಗದ, ಹಳೆಯ, ಪರಿಣಾಮಕಾರಿ ಕ್ರಮ. ಕೃಷಿ ಪತ್ತಿನ ಸಹಕಾರ ಸಂಘಗಳು ತಾವು ಮಾರುವ ಕೀಟನಾಶಕಗಳಲ್ಲಿ ಜೇನಿಗೆ ಅಪಾಯಕಾರಿಯಾದವು ಯಾವುವೆಂದು ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಬಹುದು. ಅದಕ್ಕೆ ಯಾವ ಇಲಾಖೆಯ ಸುತ್ತೋಲೆಯೂ ಬೇಡ. ಮುಂಗಾರಿಗೆ ಮುನ್ನ ನಡೆಯುವ ಸಂಘದ ಸಭೆಯಲ್ಲಿ ಸದಸ್ಯರೊಬ್ಬರು ಎದ್ದುನಿಂತು ಕೇಳಿದರಾಯಿತು.